ಬಾಗಿಲ ಮೇಲಿನ ಎರಡು

ಹೊರಡುವ ಮುನ್ನ

ಹೋಟೆಲಿನಲ್ಲಿ ಕುಳಿತು ನೆಮ್ಮದಿಯಾಗಿ ಒಂದು ಮಸಾಲೆ ದೋಸೆ ತಿಂದು ಎಷ್ಟು ವರ್ಷವಾಯಿತೋ ನೆನಪಿಲ್ಲ. ನನ್ನ ಕೆಲಸವೇ ಹಾಗೆ. ನಾನು ಆಹಾರ ಸುರಕ್ಷತಾ ಅಧಿಕಾರಿ. ರಾಜಾಜಿನಗರದಿಂದ ಹಿಡಿದು ಕಾಮಾಕ್ಷಿಪಾಳ್ಯ, ವಿಜಯನಗರ ದಾಟಿ ಕೆಂಗೇರಿಯವರೆಗೆ ಯಾವ ಹೋಟೆಲಿನ ಅಡುಗೆಮನೆಯ ನೆಲ ಜಾರುತ್ತದೆ, ಯಾರ ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ ಎನ್ನುವುದೆಲ್ಲ ನನಗೆ ಗೊತ್ತು. ನನ್ನ ಮುಖವೂ ಅವರಿಗೆ ಗೊತ್ತು. ಸ್ವಂತ ಹಸಿವಿಗೆಂದು ಹೋಗಿ ಕುಳಿತರೂ ಗಲ್ಲಾದಲ್ಲಿದ್ದವರು ಎದ್ದು ನಿಲ್ಲುತ್ತಾರೆ. ಒರೆಸಿದ ಟೇಬಲನ್ನೇ ಮತ್ತೆ ಒರೆಸುತ್ತಾರೆ. ಒಳಗೆ ಯಾರೋ ಗಡಿಬಿಡಿಯಲ್ಲಿ ತಲೆಗೆ ಟೋಪಿ ಹುಡುಕುತ್ತಿರುತ್ತಾರೆ. ದೋಸೆ ಬರುವ ಹೊತ್ತಿಗೆ ನನಗೇ ತಿನ್ನುವ ಮನಸ್ಸು ಹೋಗಿರುತ್ತದೆ.

ಹಾಗಾಗಿ ವೇಲ್ಸ್‌ನಲ್ಲಿ ದೋಸೆ ಹೋಟೆಲ್ ನಡೆಸುವ ವಿಮಲಾ ಫೋನ್ ಮಾಡಿ ಕರೆದಾಗ ನನಗೆ ಮೊದಲು ಹೊಳೆದದ್ದು ಸಮುದ್ರವಲ್ಲ, ಹಳೆಯ ಕೋಟೆಗಳಲ್ಲ. ಯಾರೂ ನನ್ನನ್ನು ಗುರುತಿಸದ ಒಂದು ಹೋಟೆಲು ಹೇಗಿರಬಹುದು ಎಂದು.

ವಿಮಲಾ ಮತ್ತು ನಾನು ರಾಜಾಜಿನಗರದ ಒಂದೇ ಬೀದಿಯವರು. ಒಂದೇ ಶಾಲೆ, ಒಂದೇ ಬೆಂಚು. ಅವಳು ರಮೇಶನನ್ನು ಮದುವೆಯಾಗಿ, ಅವನಿಗೆ ಅಲ್ಲಿ ಅಡುಗೆಯ ಕೆಲಸ ಸಿಕ್ಕಿತೆಂದು ದೇಶ ಬಿಟ್ಟಳು. ವರ್ಷಗಟ್ಟಲೆ ಬೇರೆಯವರ ಹೋಟೆಲಿನಲ್ಲಿ ದುಡಿದು ಕೊನೆಗೆ ಇಬ್ಬರೂ ಸೇರಿ ತಮ್ಮದೇ ಒಂದನ್ನು ತೆರೆದರು. ನಾನು ಮದುವೆಯಾಗಲಿಲ್ಲ. ವಿಜಯನಗರದಲ್ಲಿ ಒಬ್ಬಳೇ ಇದ್ದೇನೆ. ಭಾನುವಾರದ ಅವಳ ಫೋನು ನನ್ನ ವಾರದ ಹಬ್ಬ. ಹೋದ ವರ್ಷದ ಚಳಿಗಾಲದಲ್ಲಿ ರಮೇಶ ತೀರಿಕೊಂಡ. ಆಗ ರಜೆ, ವೀಸಾ ಎಂದು ಓಡಾಡಿದರೂ ನನಗೆ ಹೋಗಲು ಆಗಲಿಲ್ಲ.

"ಪದ್ಮಿ, ರಿಟೈರ್ ಆದ್ಮೇಲೆ ಬರ್ತೀನಿ ಅನ್ಬೇಡ ಕಣೇ," ಎಂದಳು ಅವಳು. "ಈಗ ಬಾ. ನಿನ್ನ ನೋಡ್ಬೇಕು ಅನ್ನಿಸ್ತಿದೆ."

ಅವಳು ಹಾಗೆ ಬಾಯಿಬಿಟ್ಟು ಕರೆದದ್ದು ಅದೇ ಮೊದಲು. ಕೂಡಿಟ್ಟಿದ್ದ ರಜೆಗಳನ್ನೆಲ್ಲ ಬರೆದುಕೊಟ್ಟೆ.

ಲಂಡನ್, ವಿಮಾನ ನಿಲ್ದಾಣ

ಅವಳಿಗೆಂದು ಮನೆಯಲ್ಲೇ ಬೆಣ್ಣೆ ಕಾಯಿಸಿ ಒಂದು ಸ್ಟೀಲ್ ಡಬ್ಬಿ ತುಪ್ಪ ಒಯ್ದಿದ್ದೆ. ಕರಿಬೇವು ಹಾಕಿ ಇಳಿಸಿದ ತುಪ್ಪ. ಡಬ್ಬಿಗೆ ಟೇಪು ಸುತ್ತಿ, ಮೂರು ಸೀರೆಗಳ ನಡುವೆ ಮಲಗಿಸಿದ್ದೆ. ಲಂಡನ್ನಿನಲ್ಲಿ ಇಳಿದು ಹೊರಗೆ ಬರುವಾಗ ಒಬ್ಬ ಯುವ ಅಧಿಕಾರಿ ನನ್ನನ್ನು ಪೆಟ್ಟಿಗೆ ಸಮೇತ ಪಕ್ಕಕ್ಕೆ ಕರೆದ. ಡಬ್ಬಿ ತೆಗೆಸಿದ. ಇದೇನು ಎಂದ. ಹೇಳಿದೆ. ಹಾಲಿನ ಪದಾರ್ಥ ಒಳಗೆ ತರುವಂತಿಲ್ಲ ಎಂದ.

"ಇದು ಹಾಲಲ್ಲ, ಕಾಯಿಸಿದ್ದು, ಕೆಡುವುದಿಲ್ಲ," ಎಂದು ನನ್ನ ಇಂಗ್ಲಿಷಿನಲ್ಲಿ ವಾದಿಸಿದೆ. ಅವನು ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡ. ಆಮೇಲೆ "ಸಾರಿ ಮೇಡಂ, ನನ್ನ ಕೈಯಲ್ಲಿಲ್ಲ, ರೂಲ್ಸ್," ಎಂದು ಡಬ್ಬಿಯನ್ನು ಒಂದು ದೊಡ್ಡ ತೊಟ್ಟಿಗೆ ಹಾಕಿದ. ಯಾರದೋ ಸಾಸೇಜು, ಇನ್ಯಾರದೋ ಚೀಸಿನ ನಡುವೆ ನನ್ನ ತುಪ್ಪ ಹೋಗಿ ಬಿತ್ತು.

ಆ ಮಾತು, ಆ ತಾಳ್ಮೆ, ಆ ತೊಟ್ಟಿ ಮೂರೂ ನನಗೆ ಚೆನ್ನಾಗಿ ಪರಿಚಯ. ಇಷ್ಟು ವರ್ಷ ಅದೇ ಮಾತನ್ನು ನಾನು ಹೇಳಿಕೊಂಡು ಬಂದಿದ್ದೆ. ಎದುರು ನಿಂತು ಕೇಳುವಾಗ ಅದು ಇಷ್ಟು ಚಿಕ್ಕ ಮಾತಾಗಿ ಕೇಳಿಸುತ್ತದೆಂದು ಗೊತ್ತಿರಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕುಳಿತು ಸೀರೆಗಳನ್ನು ಮತ್ತೆ ಮಡಿಸುವಾಗ ಕರಿಬೇವಿನ ವಾಸನೆ ಬಂತು. ಅಷ್ಟು ಮಾತ್ರ ದೇಶದೊಳಗೆ ಬಂದಿತ್ತು.

ಪಶ್ಚಿಮಕ್ಕೆ ಹೋಗುವ ರೈಲು

ಲಂಡನ್ನಿನಿಂದ ರೈಲು ಪಶ್ಚಿಮಕ್ಕೆ ಹೊರಟಿತು. ಎದುರು ಕುಳಿತಿದ್ದ ಮುದುಕರು ಒಂದು ಸ್ಯಾಂಡ್‌ವಿಚ್ ಬಿಚ್ಚಿ, ಅದನ್ನು ತಿನ್ನುವ ಮೊದಲು ಕವರಿನ ಮೇಲಿನ ತಾರೀಖನ್ನು ಕನ್ನಡಕ ಏರಿಸಿ ಓದಿದರು. ನನಗೆ ಅವರ ಮೇಲೆ ತುಂಬ ಗೌರವ ಬಂತು. ನಮ್ಮ ಕಡೆ ತಾರೀಖು ಓದುವವಳು ನಾನೊಬ್ಬಳೇ ಎಂದು ಎಷ್ಟೋ ಸಲ ಅನ್ನಿಸಿದೆ.

ಒಂದು ಉದ್ದನೆಯ ಸುರಂಗ ದಾಟಿದ ಮೇಲೆ ವೇಲ್ಸ್ ಬಂತು. ಸ್ಟೇಷನ್ನಿನ ಬೋರ್ಡುಗಳಲ್ಲಿ ಮೇಲೊಂದು ಭಾಷೆ, ಕೆಳಗೆ ಇಂಗ್ಲಿಷ್. ಮೇಲಿನದು ವೆಲ್ಷ್, ಆ ನಾಡಿನ ಸ್ವಂತ ಭಾಷೆ. ರೈಲಿನ ಧ್ವನಿಯೂ ಮೊದಲು ಅದರಲ್ಲೇ ಹೇಳಿ ಆಮೇಲೆ ಇಂಗ್ಲಿಷಿಗೆ ಬರುತ್ತಿತ್ತು. ಇಂಗ್ಲೆಂಡಿಗೆ ಇಷ್ಟು ಹತ್ತಿರ ಕುಳಿತು ತಮ್ಮ ಮಾತನ್ನು ಮೇಲೆ ಬರೆಸಿಕೊಂಡಿದ್ದಾರಲ್ಲ ಎಂದು ಖುಷಿಯಾಯಿತು. ನಮ್ಮ ರಾಜಾಜಿನಗರದ ಅಂಗಡಿ ಸಾಲುಗಳ ಬೋರ್ಡು ನೆನಪಾಗಿ ಸ್ವಲ್ಪ ಸಂಕಟವೂ ಆಯಿತು.

ಸ್ಟೇಷನ್ನಿಗೆ ವಿಮಲಾ ಕಾರು ತಂದಿದ್ದಳು. ಕೂದಲು ಪೂರ್ತಿ ಬಿಳಿ. ನನ್ನನ್ನು ತಬ್ಬಿಕೊಂಡವಳು ಬಿಡಲೇ ಇಲ್ಲ. ಹಿಂದೆ ನಿಂತಿದ್ದವರು ಪಾಪ, ಸುತ್ತು ಹಾಕಿಕೊಂಡು ಹೋದರು.

ದಾರಿಯುದ್ದಕ್ಕೂ ರಸ್ತೆಯ ಮೇಲೆ ದೊಡ್ಡ ಬಿಳಿ ಅಕ್ಷರಗಳಲ್ಲಿ 'ಅರಾವ್' ಎಂದು ಬರೆದಿತ್ತು. ಹಾಗೆ ಓದಿದ್ದು ನಾನಲ್ಲ, ಅವಳು. ನಾನು ಅದನ್ನು 'ಅರಾಫ್' ಎಂದು ಓದಿಕೊಂಡು, ಚುನಾವಣೆಗೆ ನಿಂತವರ ಹೆಸರಿರಬೇಕು ಎಂದುಕೊಂಡಿದ್ದೆ.

"ಯಾರೇ ಇವನು? ಊರೆಲ್ಲ ಬರೆಸ್ಕೊಂಡಿದಾನೆ?"

ವಿಮಲಾ ಕಾರು ನಿಲ್ಲಿಸಿ ನಕ್ಕಳು. "ವೆಲ್ಷ್‌ನಲ್ಲಿ ನಿಧಾನ ಅಂತ ಕಣೇ ಅದು! ನಿಧಾನವಾಗಿ ಹೋಗಿ ಅಂತ."

ಅವಳು ನಗುವುದನ್ನು ನೋಡಿ ಬಹಳ ದಿನವಾಗಿತ್ತು. ಫೋನಿನಲ್ಲಿ ನಗು ಕೇಳುತ್ತದೆ, ಕಾಣುವುದಿಲ್ಲ.

ಹಿಂದಿನ ಬಾಗಿಲು

ಅವಳ ಊರಿನ ಹೆಸರನ್ನು ಸರಿಯಾಗಿ ಹೇಳಲು ನನಗೆ ಇನ್ನೂ ಬರುವುದಿಲ್ಲ. ಸಮುದ್ರದಂಡೆಯ ಸಣ್ಣ ಊರು. ಒಂದೇ ದೊಡ್ಡ ಬೀದಿ. ಅದರ ಕೊನೆಯಲ್ಲಿ ವಿಮಲಾಳ ಹೋಟೆಲು. ಕೆಳಗೆ ಹೋಟೆಲು, ಮೇಲೆ ಮನೆ. ಅವಳು ನನ್ನನ್ನು ಹಿಂದಿನ ಓಣಿಯಿಂದ ಒಳಗೆ ಕರೆದುಕೊಂಡು ಹೋದಳು. ಕಸದ ಡಬ್ಬಿಗಳ ಪಕ್ಕದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಮೆಟ್ಟಿಲಿಗೆ. ಮರುದಿನವೂ ಹಾಗೆಯೇ. ಮುಂಬಾಗಿಲ ಕಡೆ ಹೊರಟರೆ, "ಈ ಕಡೆಯಿಂದ ಬಾ, ಹತ್ರ ಆಗತ್ತೆ," ಎಂದು ತೋಳು ಹಿಡಿಯುತ್ತಿದ್ದಳು. ನನಗೆ ವಿಚಿತ್ರವೆನ್ನಿಸಲಿಲ್ಲ. ಕೆಲಸದ ಮೇಲೆ ಹೋದಾಗ ನಾನು ಹೋಟೆಲುಗಳನ್ನು ಹೊಗುವುದೇ ಹಿಂದಿನಿಂದ.

ಅಲ್ಲಿ ಬಡಿಸುವವಳು ಕ್ಯಾರಿಸ್ ಎಂಬ ವೆಲ್ಷ್ ಹೆಂಗಸು. ನಮ್ಮದೇ ವಯಸ್ಸು, ಸೊಂಟ ನೋವು, ಎಲ್ಲರನ್ನೂ 'ಲವ್' ಎಂದು ಕರೆಯುವ ಅಭ್ಯಾಸ. ಅಂಚೆಯವನೂ ಲವ್, ನಾಯಿಯೂ ಲವ್, ನಾನೂ ಲವ್. ಮೊದಲ ದಿನ ಅವಳು ನನ್ನ ಮುಂದೆ ದೋಸೆ ಇಟ್ಟು, "ತಿನ್ನು ಲವ್, ಆರಿ ಹೋಗುತ್ತೆ," ಎಂದು ಹೇಳಿ ಹಿಂತಿರುಗಿಯೂ ನೋಡದೆ ಬೇರೆ ಟೇಬಲಿಗೆ ಹೋದಳು. ಯಾರೂ ಎದ್ದು ನಿಲ್ಲಲಿಲ್ಲ. ಯಾರೂ ಟೇಬಲು ಒರೆಸಲಿಲ್ಲ. ದೋಸೆಯ ಒಂದು ಅಂಚು ಸೀದಿತ್ತು. ಪೂರ್ತಿ ತಿಂದೆ. ಇನ್ನೊಂದು ಕೇಳಿ ತಿಂದೆ.

ಆದರೆ ಕಣ್ಣು ತನ್ನ ಅಭ್ಯಾಸ ಬಿಡುವುದಿಲ್ಲ. ಅಡುಗೆಮನೆಯಲ್ಲಿ ಕೈ ತೊಳೆಯುವ ಸಿಂಕಿನೊಳಗೆ ಸೌಟು, ಬೋಗುಣಿ ತುಂಬಿದ್ದವು. ಬೆಳಗ್ಗೆ ಮಾಡಿದ ಅನ್ನ ಮಧ್ಯಾಹ್ನದವರೆಗೂ ಕಟ್ಟೆಯ ಮೇಲೇ ಇತ್ತು. ಫ್ರಿಜ್ಜಿನ ಬಾಗಿಲಿನ ರಬ್ಬರು ಒಂದು ಕಡೆ ಹರಿದಿತ್ತು. ನೋಡದವಳಂತೆ ಮೆಟ್ಟಿಲು ಹತ್ತಿದೆ. ಗೆಳತಿಯ ಮನೆಗೆ ಬಂದವರು ಅಲಮಾರಿ ತೆಗೆದು ನೋಡುತ್ತಾರೆಯೇ?

ಸಮುದ್ರದ ಕಡೆ

ಮೂರನೆಯ ಬೆಳಗ್ಗೆ ವಿಮಲಾ ತರಕಾರಿ ತರಲು ಹೋಗಿದ್ದಳು. ನಾನು ಒಬ್ಬಳೇ ದಂಡೆಯವರೆಗೆ ನಡೆದು ಹೋಗಿ, ಗಾಳಿಗೆ ಕಿವಿ ನೋಯತೊಡಗಿದಾಗ ದೊಡ್ಡ ಬೀದಿಯಿಂದಲೇ ವಾಪಸು ಬಂದೆ. ಆ ನಾಡಿನಲ್ಲಿ ಪ್ರತಿ ಹೋಟೆಲಿನ ಬಾಗಿಲಿಗೂ ಹಸಿರು ಅಂಚಿನ ಒಂದು ಸ್ಟಿಕ್ಕರು. ಅದರ ಮೇಲೆ ಸೊನ್ನೆಯಿಂದ ಐದರವರೆಗೆ ಒಂದು ಅಂಕಿ. ಅಡುಗೆಮನೆ ನೋಡಿ ಹೋದ ಅಧಿಕಾರಿ ಕೊಟ್ಟ ಅಂಕ. ಅದನ್ನು ಮರೆಮಾಡುವಂತಿಲ್ಲ. ಬಂದವರೆಲ್ಲ ಅದನ್ನು ಓದಿಯೇ ಒಳಗೆ ಕಾಲಿಡಬೇಕು. ಇಂಥದ್ದು ನಮ್ಮ ಊರಿಗೆ ಬಂದರೆ ಎಂದು ಕಲ್ಪಿಸಿಕೊಳ್ಳುತ್ತ, ಮೀನಂಗಡಿಗೆ ಐದು, ಬೇಕರಿಗೆ ಐದು, ಮೂಲೆಯ ಕಾಫಿ ಅಂಗಡಿಗೆ ನಾಲ್ಕು ಎಂದು ಓದಿಕೊಂಡು ಬಂದೆ.

ವಿಮಲಾಳ ಬಾಗಿಲ ಮೇಲೆ ಎರಡು.

ಅಲ್ಲೇ ನಿಂತುಬಿಟ್ಟೆ. 'ನಿನ್ನ ನೋಡ್ಬೇಕು ಅನ್ನಿಸ್ತಿದೆ' ಎಂದು ಕರೆದದ್ದು ಇದಕ್ಕೋ? ಪದ್ಮಿಯನ್ನು ಕರೆದಳೋ, ಇನ್‌ಸ್ಪೆಕ್ಟರ್ ಮೇಡಂ ಅವರನ್ನು ಕರೆದಳೋ?

ಹಿಂದಿನಿಂದ ಕಾರಿನ ಬಾಗಿಲು ಹಾಕಿದ ಸದ್ದು. ವಿಮಲಾ ಎರಡು ಕೈಯಲ್ಲೂ ಚೀಲ ಹಿಡಿದು ನಿಂತಿದ್ದಳು.

"ನೋಡ್ಬಿಟ್ಯಾ," ಎಂದಳು.

"ಹೇಳ್ಬಹುದಿತ್ತಲ್ಲ."

"ಏನಂತ ಹೇಳ್ಲಿ? ಯಾವಾಗ್ಲೂ ಐದೇ ಇರ್ತಿತ್ತು ಕಣೇ. ಅವರು ಇರೋವರೆಗೂ ಐದೇ. ನೀನು ಬರೋ ವರ್ಷಾನೇ ಎರಡಾಗ್ಬೇಕಾ? ಅದಕ್ಕೇ ಹಿಂದಿಂದ ಕರ್ಕೊಂಡು ಓಡಾಡಿದ್ದು." ಚೀಲ ಕೆಳಗಿಟ್ಟಳು. "ನಿನಗೆ ನಾಚಿಕೆ ಆಗತ್ತೆ ಅನ್ನಿಸ್ತು. ಬೇರೆ ಯಾರಿಗಾದ್ರೂ ಸರಿ. ನಿನಗೆ ಆಗ್ಬಾರ್ದು."

ನನ್ನ ಅನುಮಾನವನ್ನು ನುಂಗಿಕೊಂಡು ಒಂದು ಚೀಲ ಎತ್ತಿಕೊಂಡೆ. ಅವತ್ತು ಮೊದಲ ಸಲ ಮುಂಬಾಗಿಲಿನಿಂದ ಒಳಗೆ ಹೋದೆವು.

ಕಾಫಿ ಕುಡಿಯುತ್ತ ಅವಳು ಉಳಿದದ್ದನ್ನೂ ಹೇಳಿದಳು. ರಮೇಶ ಹೋದ ಮೇಲೆ ಹೋಟೆಲು ತೆರೆಯುವುದು, ಮುಚ್ಚುವುದು ಎಲ್ಲ ಕೈ ತಾನಾಗಿ ಮಾಡುತ್ತಿತ್ತು, ತಾನು ಅಲ್ಲಿರುತ್ತಿರಲಿಲ್ಲ. ಅಧಿಕಾರಿ ಬಂದು ನೋಡಿ ಎರಡು ಕೊಟ್ಟು ಹೋದ. ಸುಧಾರಿಸಿಕೊಳ್ಳುತ್ತೇನೆ, ಮತ್ತೆ ಬಂದು ನೋಡಿ ಎಂದು ಅವಳು ಅರ್ಜಿ ಹಾಕಿದ್ದಳು. ಯಾವ ದಿನ ಬರುತ್ತಾರೆಂದು ಹೇಳುವುದಿಲ್ಲ.

"ಮಾರಿಬಿಡ್ತೀನಿ ಪದ್ಮಿ," ಎಂದಳು. "ಕಾರ್ಡಿಫ್‌ನ ಗಂಡ ಹೆಂಡ್ತಿ ಬಂದು ನೋಡ್ಕೊಂಡು ಹೋಗಿದಾರೆ. ನಂಬರ್ ಸರಿ ಮಾಡ್ಕೊಳ್ಳಿ, ತಗೋತೀವಿ ಅಂದ್ರು. ಕೊಟ್ಟು ಊರಿಗೆ ಬಂದ್ಬಿಡ್ತೀನಿ."

ವಿಜಯನಗರದಲ್ಲಿ ನನ್ನ ಪಕ್ಕದ ಮನೆಯ ಮಹಡಿ ಖಾಲಿ ಇತ್ತು. ಬೆಳಕು ಚೆನ್ನಾಗಿದೆ, ಮಾರ್ಕೆಟ್ಟು ಹತ್ತಿರ, ಮೆಟ್ರೋ ನಡೆದು ಹೋಗುವಷ್ಟು ದೂರ ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ. ನಾನು ನಿವೃತ್ತಳಾದ ಮೇಲೆ ಬೆಳಗ್ಗೆ ಇಬ್ಬರೂ ವಾಕಿಂಗ್ ಹೋಗಬಹುದು, ವಾಪಸು ಬರುತ್ತ ಎಲ್ಲಾದರೂ ಕುಳಿತು ತಿಂಡಿ ತಿನ್ನಬಹುದು ಎಂದೆ.

"ನಮ್ಮ ಬೀದಿ ಕೊನೇಲಿ ಒಂದು ಕಾಫಿ ಕ್ಲಬ್ ಇತ್ತಲ್ಲ, ಇದೆಯೇನೇ?" ಎಂದು ಕೇಳಿದಳು.

"ಈಗ ಅಲ್ಲಿ ಮೊಬೈಲ್ ಅಂಗಡಿ."

"ಅದರ ಪಕ್ಕದ ಹೊಂಗೆ ಮರ?"

"ಅದೂ ಇಲ್ಲ."

ಅವಳು ಸುಮ್ಮನೆ ತಲೆಯಾಡಿಸಿದಳು. "ಪರವಾಗಿಲ್ಲ. ನೀನಿದೀಯಲ್ಲ," ಎಂದಳು.

ರಜೆಯ ಸೋಮವಾರಗಳು

ಪ್ರವಾಸಿ ವೀಸಾದಲ್ಲಿ ಹೋದವಳು ಅಲ್ಲಿ ಕೆಲಸ ಮಾಡುವಂತಿಲ್ಲ. ಹಾಗಾಗಿ ನಾನು ಒಂದು ಚಮಚವನ್ನೂ ಮುಟ್ಟಲಿಲ್ಲ. ಹೋಟೆಲಿಗೆ ಸೋಮವಾರ ರಜೆ. ಅವತ್ತು ನಾನು ಅಡುಗೆಮನೆಯ ನಡುವೆ ಕುರ್ಚಿ ಹಾಕಿಕೊಂಡು ಕೈಕಟ್ಟಿ ಕುಳಿತೆ. ವಿಮಲಾ ಮತ್ತು ಕ್ಯಾರಿಸ್ ಕೆಲಸ ಮಾಡಿದರು. ಕೈಕಟ್ಟಿಕೊಂಡು ಬೇರೆಯವರ ಅಡುಗೆಮನೆಯ ತಪ್ಪು ಹೇಳುವುದಕ್ಕೇ ಸರ್ಕಾರ ನನಗೆ ಇಷ್ಟು ವರ್ಷ ಸಂಬಳ ಕೊಟ್ಟಿದೆ. ಆದರೆ ಊರಿನಲ್ಲಿ ತಪ್ಪು ಹೇಳಿ ಹೊರಟುಬಿಡುತ್ತೇನೆ. ಇಲ್ಲಿ ಅದು ಸರಿಯಾಗುವವರೆಗೂ ಕುಳಿತಿರಬೇಕಾಯಿತು.

ಸಿಂಕು ಖಾಲಿಯಾಯಿತು. ಅನ್ನವನ್ನು ಅಗಲವಾದ ತಟ್ಟೆಗಳಲ್ಲಿ ಹರಡಿ ಬೇಗ ಆರಿಸಿ ಫ್ರಿಜ್ಜಿಗೆ ಸೇರಿಸುವ ಪದ್ಧತಿ ಮತ್ತೆ ಶುರುವಾಯಿತು. ಫ್ರಿಜ್ಜಿನ ರಬ್ಬರು ಬದಲಾಯಿತು. ಮೂಲೆಯ ಜಿಡ್ಡು ಉಜ್ಜುತ್ತ ಕ್ಯಾರಿಸ್ ತನ್ನ ಭಾಷೆಯಲ್ಲಿ ಏನೋ ಗೊಣಗುತ್ತಿದ್ದಳು. ಬೈಗುಳವೆಂದು ಯಾವ ಭಾಷೆಯವರಿಗಾದರೂ ಗೊತ್ತಾಗುವಂತಿತ್ತು.

ಎರಡನೆಯ ಸೋಮವಾರ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ, ಹಿಂದಕ್ಕೆ, ಒಂದು ಗಾಜಿನ ಭರಣಿ ಸಿಕ್ಕಿತು. ಕಪ್ಪಾಗಿದ್ದ ನಿಂಬೆ ಉಪ್ಪಿನಕಾಯಿ. ಹೆಸರಿಲ್ಲ, ತಾರೀಖಿಲ್ಲ.

"ಇದು ಹೋಗ್ಬೇಕು," ಎಂದೆ ಅಭ್ಯಾಸದಂತೆ.

ವಿಮಲಾ ಅದನ್ನು ಎತ್ತಿ ಎದೆಗೆ ಹಿಡಿದುಕೊಂಡಳು. "ಅವರು ಹಾಕಿದ್ದು."

ಕ್ಯಾರಿಸ್ ಉಜ್ಜುವುದನ್ನು ನಿಲ್ಲಿಸಿದಳು. ನಾನು ಸಮಾಧಾನದಿಂದ, "ಮೇಲೆ ಮನೆಗೆ ತಗೊಂಡು ಹೋಗೇ. ಹೋಟೆಲ್ ಫ್ರಿಜ್‌ನಲ್ಲಿ ಇರ್ಬಾರ್ದು ಅಷ್ಟೇ. ಮನೇಲಿ ಇಟ್ಕೊಂಡ್ರೆ ಯಾರು ಕೇಳ್ತಾರೆ?" ಎಂದೆ.

"ಮೇಲೆ ಅವರು ಇರ್ತಾನೇ ಇರ್ಲಿಲ್ಲ ಪದ್ಮಿ. ಮಲ್ಗಕ್ಕೆ ಮಾತ್ರ ಬರ್ತಿದ್ರು. ಇರ್ತಿದ್ದಿದ್ದೆಲ್ಲ ಇಲ್ಲೇ. ಬೆಳಗ್ಗೆ ನಾನು ಇಳಿದು ಬರೋ ಹೊತ್ತಿಗೆ ಇಲ್ಲೇ ನಿಂತಿರ್ತಿದ್ರು, ಹಿಟ್ಟು ನೋಡ್ತಾ." ಒಲೆಯ ಪಕ್ಕದ ಜಾಗವನ್ನು ತೋರಿಸಿದಳು. ಅಲ್ಲಿ ಈಗ ಏನೂ ಇರಲಿಲ್ಲ. ಬರೀ ನೆಲ.

ಆ ಮಾತಿನ ಅರ್ಥ ನನಗೆ ಅವತ್ತೇ ಆಗಬೇಕಿತ್ತು. ನಾನು ಆ ನೆಲವನ್ನು ನೋಡಿದೆ, ಅವಳ ಕಣ್ಣೀರನ್ನು ನೋಡಿದೆ, ಆದರೆ ವಿಜಯನಗರದ ಮಹಡಿಯನ್ನು ಬಿಟ್ಟು ಬೇರೇನೂ ಯೋಚಿಸಲಿಲ್ಲ. ಭರಣಿಯನ್ನು ಮೇಲಕ್ಕೆ ಒಯ್ದೆವು. ಅವತ್ತು ಮಧ್ಯಾಹ್ನ ಮೊಸರನ್ನಕ್ಕೆ ಅದನ್ನೇ ಹಾಕಿಕೊಂಡು ಇಬ್ಬರೂ ಊಟ ಮಾಡಿದೆವು. ತುಂಬ ಉಪ್ಪು. "ಯಾವಾಗ್ಲೂ ಉಪ್ಪು ಜಾಸ್ತಿನೇ," ಎಂದಳು ಅವಳು, ಬಡಿಸಿಕೊಳ್ಳುತ್ತ.

ಗಾಳಿಯ ದಿನ

ಅಧಿಕಾರಿ ಬಂದದ್ದು ಜೋರು ಗಾಳಿಯಿದ್ದ ಒಂದು ದಿನ, ಮಧ್ಯಾಹ್ನದ ಊಟ ಶುರುವಾಗುವ ಹೊತ್ತಿಗೆ. ಎತ್ತರದ ಮನುಷ್ಯ. ಕೈಯಲ್ಲೊಂದು ಚೀಲ. ಬಾಗಿಲಲ್ಲಿ ನಿಂತು ಗುರುತಿನ ಚೀಟಿ ತೋರಿಸಿದ. ಚೀಟಿ ನೋಡುವ ಮೊದಲೇ ನನಗೆ ಗೊತ್ತಾಯಿತು. ಒಳಗೆ ಬಂದವನು ಮೆನು ನೋಡದೆ ಛಾವಣಿ ನೋಡಿದ್ದ. ನಾನೂ ಹಾಗೆಯೇ ನೋಡುವುದು.

ಅವನು ಹವಾಮಾನದ ಬಗ್ಗೆ ಒಂದು ಮಾತಾಡಿ, ಬಿಳಿ ಕೋಟು ಹಾಕಿಕೊಂಡು, ತಲೆಗೆ ಟೋಪಿ ಇಟ್ಟು, ಮೊದಲು ಕೈ ತೊಳೆಯಬೇಕು ಎಂದ. ನನ್ನ ಕಡೆ ನೋಡಿ, "ಇವರೂ ಇಲ್ಲಿ ಕೆಲಸ ಮಾಡುತ್ತಾರೆಯೇ?" ಎಂದು ಕೇಳಿದ.

ಆಗ ಅವಳು ಹೇಳಬಹುದಿತ್ತು. ಇವರೂ ನಿಮ್ಮದೇ ಕೆಲಸದವರು, ಇಷ್ಟು ವರ್ಷದ ಅನುಭವದವರು ಎಂದು. ಅಡುಗೆಮನೆಗಳಲ್ಲಿ ನನಗೆ ಜನ ಇಂಥ ಪರಿಚಯಗಳನ್ನು ಎಷ್ಟೋ ಸಲ ಮಾಡಿಸಿದ್ದಾರೆ. ನಮ್ಮ ಮಾವ ಇಂಥ ಕಡೆ ದೊಡ್ಡ ಆಫೀಸರು, ನಮ್ಮ ಭಾವ ಅಂಥವರಿಗೆ ಬೇಕಾದವರು ಎಂದು.

"ಇಲ್ಲ," ಎಂದಳು ವಿಮಲಾ. "ನನ್ನ ಸ್ನೇಹಿತೆ. ನನ್ನ ಊರಿನವಳು. ನನ್ನನ್ನು ನೋಡಲು ಬಂದಿದ್ದಾಳೆ."

ಅಷ್ಟೇ. ಅವನು ನಗುತ್ತ ತಲೆಬಾಗಿ ಒಳಗೆ ಹೋದ. ಅವಳು ಹಿಂದೆಯೇ ಹೋದಳು. ಅಡುಗೆಮನೆಯ ಬಾಗಿಲು ಮುಚ್ಚಿತು.

ನಾನು ಹೊರಗೆ ಉಳಿದೆ. ನನ್ನ ವೃತ್ತಿಯಲ್ಲಿ ಮೊದಲ ಸಲ, ತಪಾಸಣೆ ನಡೆಯುವ ಅಡುಗೆಮನೆಯ ಹೊರಗೆ. ಕಿಟಕಿಯ ಪಕ್ಕ ಕುಳಿತು ಕಿವಿಗೊಟ್ಟೆ. ಪ್ರತಿ ಸದ್ದೂ ನನಗೆ ಗೊತ್ತು. ನಲ್ಲಿಯ ನೀರು. ಫ್ರಿಜ್ಜಿನ ಬಾಗಿಲು ತೆರೆದದ್ದು. ಸಾಂಬಾರಿನೊಳಗೆ ಥರ್ಮಾಮೀಟರಿನ ಕಡ್ಡಿ ಇಳಿಸಿದರೆ ಬರುವ ಸಣ್ಣ ಬೀಪ್. ಆಮೇಲೆ ಮೌನ. ಆ ಮೌನದಲ್ಲಿ ಅಧಿಕಾರಿ ಏನನ್ನೋ ನೋಡುತ್ತಿರುತ್ತಾನೆ, ಮಾಲೀಕರು ಅವನ ಮುಖ ನೋಡುತ್ತಿರುತ್ತಾರೆ. ನನಗೆ ಕಾಮಾಕ್ಷಿಪಾಳ್ಯದ ಒಂದು ಖಾನಾವಳಿ ನೆನಪಾಯಿತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ರೊಟ್ಟಿ ಮಾಡಿ ಹಾಕುವ, ವಿಜಯಪುರದ ಕಡೆಯ ಹೆಂಗಸೊಬ್ಬರು ನಾನು ಹೋದಾಗಲೆಲ್ಲ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಲ್ಲುತ್ತಾರೆ. ನೋಡಿದರೆ ನಾನೂ ಶಾಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕುಳಿತಿದ್ದೆ.

ಗಿರಾಕಿಗಳಿಗೆ ನೀರು ಕೊಟ್ಟು ಬಂದ ಕ್ಯಾರಿಸ್ ನನ್ನ ಹತ್ತಿರ ಬಗ್ಗಿ, "ಉಸಿರಾಡು ಲವ್," ಎಂದಳು.

ಒಳಗಿನಿಂದ ಅಧಿಕಾರಿಯ ದನಿ ಕೇಳಿಸಿತು. ಹುದುಗಲು ಇಟ್ಟ ಹಿಟ್ಟಿನ ಬಗ್ಗೆ ಕೇಳುತ್ತಿದ್ದ. ಅದಕ್ಕೆ ವಿಮಲಾ ಉತ್ತರ ಕೊಡತೊಡಗಿದಳು. ಮೊದಲು ತಡವರಿಸಿದಳು. ಆಮೇಲೆ ದನಿ ಸ್ಥಿರವಾಯಿತು. ಎಷ್ಟು ಹೊತ್ತು ಹೊರಗೆ, ಯಾವಾಗ ಫ್ರಿಜ್ಜಿಗೆ, ಹುಳಿ ಹೆಚ್ಚಾದರೆ ಏನು ಮಾಡುತ್ತೇನೆ, ಚಳಿಗಾಲದಲ್ಲಿ ಎಲ್ಲಿಡುತ್ತೇನೆ. ಕೇಳದಿದ್ದ ಪ್ರಶ್ನೆಗಳಿಗೂ ಉತ್ತರ ಕೊಟ್ಟಳು. ತುಸು ಹೊತ್ತಿಗೆ ಅವಳು ನಕ್ಕದ್ದೂ ಕೇಳಿಸಿತು. ಆ ದನಿ ಅಪ್ಪಣೆ ಕೇಳುವವರದ್ದಲ್ಲ. ತನ್ನ ಮನೆಯನ್ನು ತೋರಿಸುವವರದ್ದು.

ನಾನು ಸಂತೋಷಪಟ್ಟೆ. ಆಗ ಸಂತೋಷ ಮಾತ್ರ ಪಟ್ಟೆ.

ಅವನು ಹೊರಗೆ ಬಂದಾಗ ಕ್ಯಾರಿಸ್ ಕಾಫಿ ಕೊಡಲು ಹೋದಳು. ಬೇಡ ಎಂದ. ಅದನ್ನು ಹೇಗೆ ನೋಯಿಸದೆ ಬೇಡ ಎನ್ನಬೇಕೆಂದು ಅವನಿಗೂ ಅಭ್ಯಾಸವಿತ್ತು. ಫಲಿತಾಂಶ ಅಂಚೆಯಲ್ಲಿ ಬರುತ್ತದೆ ಎಂದು ಹೇಳಿ ಗಾಳಿಯಲ್ಲಿ ಕೋಟು ಹಿಡಿದುಕೊಂಡು ಹೊರಟ.

ಅಂಚೆ ಬಂದ ದಿನ

ಹೊಸ ಸ್ಟಿಕ್ಕರು ಬರುವ ಹೊತ್ತಿಗೆ ನಾನು ಹೊರಡುವ ದಿನ ಹತ್ತಿರವಾಗಿತ್ತು. ವಿಮಲಾ ಲಕೋಟೆಯನ್ನು ಕ್ಯಾರಿಸ್ ಕಡೆ ತಳ್ಳಿದಳು, ಅವಳೇ ಒಡೆದಳು. ಒಳಗೆ ಐದು.

ಕ್ಯಾರಿಸ್ ಕಿರುಚಿದ ರಭಸಕ್ಕೆ ಪಕ್ಕದ ಬೇಕರಿಯವರು ಓಡಿ ಬಂದರು. ವಿಮಲಾ ಒಂದು ಬೋಗುಣಿಯಲ್ಲಿ ಬಿಸಿನೀರು ತಂದು, ಬಟ್ಟೆ ಅದ್ದಿ, ಹಳೆಯ ಎರಡನ್ನು ಉಗುರಿನಿಂದ ಕೆರೆದು ಕೆರೆದು ತೆಗೆದಳು. ಗಾಜನ್ನು ಒಣ ಬಟ್ಟೆಯಿಂದ ಒರೆಸಿದಳು. ಹೊಸದನ್ನು ಅಂಟಿಸಿ, ಅಂಗೈಯನ್ನು ಅದರ ಮೇಲೆ ಒತ್ತಿ ಹಿಡಿದು ಬಹಳ ಹೊತ್ತು ಹಾಗೇ ನಿಂತಳು.

"ಕಾರ್ಡಿಫ್‌ನೋರಿಗೆ ಫೋನ್ ಮಾಡು," ಎಂದೆ.

"ಮಾಡ್ತೀನಿ. ಮಧ್ಯಾಹ್ನದ ರಶ್ ಮುಗೀಲಿ."

ರಶ್ ಮುಗಿಯಿತು. ಸಂಜೆಯಾಯಿತು. ಮರುದಿನ ಅವರೇ ಫೋನ್ ಮಾಡಿದರು. ವಿಮಲಾ ಫೋನಿನ ಮೇಲಿನ ಹೆಸರು ನೋಡಿ, ಎಪ್ರನ್ನಿಗೆ ಕೈ ಒರೆಸಿಕೊಂಡು, ಅದು ರಿಂಗಾಗಿ ನಿಲ್ಲುವವರೆಗೂ ನೋಡುತ್ತಲೇ ನಿಂತಳು. ಆಮೇಲೆ ಒಲೆಯ ಮೇಲಿದ್ದ ಹೆಂಚಿಗೆ ನೀರು ಚಿಮುಕಿಸಿದಳು.

ನನ್ನ ಕೊನೆಯ ಮಧ್ಯಾಹ್ನ ನಾನು ಮೇಲಿನಿಂದ ಇಳಿದು ಬರುತ್ತಿದ್ದೆ. ಅಡುಗೆಮನೆಯಲ್ಲಿ ಅವಳು ಫೋನಿನಲ್ಲಿ ಮಾತಾಡುತ್ತಿದ್ದಳು. ಯಾರೋ ಕನ್ನಡ ಬಲ್ಲ ವ್ಯಾಪಾರಿ ಇರಬೇಕು, ಲಂಡನ್ನಿನವರು.

"ಹೌದು ಸಾರ್, ದೊಡ್ಡ ಗ್ರೈಂಡರ್ರೇ ಬೇಕು. ಹಳೇದರ ಕಲ್ಲು ಸವೆದು ಹೋಗಿದೆ... ಗ್ಯಾರಂಟಿ ಎಷ್ಟು ವರ್ಷ? ಐದು ವರ್ಷದ್ದೇ ಕೊಡಿ ಸಾರ್. ನಂಗೆ ಬೇಕಾಗತ್ತೆ."

ಮೆಟ್ಟಿಲ ಮೇಲೆಯೇ ಕುಳಿತುಕೊಂಡೆ. ಮಾರುವ ಅಂಗಡಿಗೆ ಯಾರೂ ಹೊಸ ಗ್ರೈಂಡರ್ ತರಿಸುವುದಿಲ್ಲ.

ಅವಳು ಊರಿಗೆ ಬರಲೆಂದು ನಾನು ಸೋಮವಾರಗಳನ್ನೆಲ್ಲ ಆ ಕುರ್ಚಿಯ ಮೇಲೆ ಕುಳಿತು ಕಳೆದಿದ್ದೆ. ಮೂಲೆಮೂಲೆಯನ್ನೂ ಉಜ್ಜಿಸಿದ್ದೆ. ಉಜ್ಜಿದಷ್ಟೂ ಆ ಅಡುಗೆಮನೆ ಅವಳಿಗೆ ಮರಳಿ ಸಿಕ್ಕಿತ್ತು. ಒಲೆಯ ಪಕ್ಕದ ಆ ಬರೀ ನೆಲವನ್ನು ಬಿಟ್ಟು ಅವಳು ಎಲ್ಲಿಗೆ ಬರಬೇಕು? ಇಲ್ಲದ ಹೊಂಗೆ ಮರದ ಬೀದಿಗೇ?

ಕೆಳಗೆ ಹೋದೆ. ಅವಳು ನನ್ನ ಮುಖ ನೋಡಿದಳು. ಕೇಳಿಸಿಕೊಂಡೆನೆಂದು ಗೊತ್ತಾಯಿತು.

"ಪದ್ಮಿ..."

"ಕಾಫಿ ಕೊಡೇ ಮೊದ್ಲು," ಎಂದೆ.

ಸ್ಟೇಷನ್

ಹೊರಡುವ ಬೆಳಗ್ಗೆ ಬಿಸಿಲಿತ್ತು. ಕ್ಯಾರಿಸ್ ದೊಡ್ಡದೊಂದು ಕೇಕು ಕಟ್ಟಿಕೊಟ್ಟು, ಅದರ ಮೇಲೆ ತಾರೀಖು ಬರೆದಿದ್ದಳು. "ನಿನಗಾಗಿಯೇ ಲವ್," ಎಂದು ಕಣ್ಣು ಮಿಟುಕಿಸಿದಳು.

ಪ್ಲಾಟ್‌ಫಾರಮ್ಮಿನ ಮೇಲೆ ಬಂದ ಮೇಲೆ ಅವಳೇ ಬಾಯಿಬಿಟ್ಟಳು.

"ಬೈಯಲ್ವಾ?"

"ಯಾಕೆ ಬೈಲಿ?"

"ಬರ್ತೀನಿ ಅಂತ ನಾನೇ ಹೇಳಿದ್ದೆ. ಸುಳ್ಳು ಹೇಳಿರ್ಲಿಲ್ಲ ಕಣೇ. ಅವತ್ತು ನಿಜವಾಗ್ಲೂ ಬರ್ಬೇಕು ಅಂತಿತ್ತು. ಆ ಮನುಷ್ಯ ಒಳಗೆ ನಿಂತು ಒಂದೊಂದೇ ಕೇಳ್ತಾ ಇದ್ದಾಗ, ನಾನು ಹೇಳ್ತಾ ಹೋದೆ, ಹೇಳ್ತಾ ಹೇಳ್ತಾ..."

"ಗೊತ್ತು. ಹೊರಗಡೆ ಕೇಳಿಸ್ತಿತ್ತು," ಎಂದೆ.

"ನೀನು ಒಬ್ಳೇ ಆಗ್ತೀಯ."

"ಇಷ್ಟು ವರ್ಷ ಏನು ಮೆರವಣಿಗೆಲಿ ಇದ್ನಾ?"

ಅವಳು ನಗಲು ಹೋಗಿ ಅತ್ತಳು. ನಾನು ಅಳಲಿಲ್ಲ. ಅತ್ತರೆ ಅವಳು ಗ್ರೈಂಡರ್ ಬೇಡವೆಂದು ಫೋನ್ ಮಾಡಿಬಿಡುತ್ತಾಳೆ ಎಂದು ಭಯವಿತ್ತು. ಹಾಗೆ ಮಾಡಲಿ ಎಂದು ಆಸೆಯೂ ಇತ್ತು. ಆಸೆ ಇತ್ತೆನ್ನುವುದನ್ನು ಈಗ ಇಷ್ಟು ದೂರದಲ್ಲಿ ಕುಳಿತು ಬರೆಯುವಾಗ ಮುಚ್ಚಿಡುವುದೇಕೆ? ಭಾನುವಾರ ಫೋನ್ ಬಂದಾಗ ಅವಳ ಹಿಂದೆ ಹೊಸ ಗ್ರೈಂಡರಿನ ಸದ್ದು ಕೇಳುತ್ತದೆ. ಆ ಸದ್ದು ನಿಲ್ಲಲಿ ಎಂದು ಒಮ್ಮೊಮ್ಮೆ ಇನ್ನೂ ಅನ್ನಿಸುತ್ತದೆ.

ರೈಲು ಬಂತು. ಪೆಟ್ಟಿಗೆ ಏರಿಸಿಕೊಟ್ಟಳು. ನಾನು ಕಿಟಕಿಯ ಪಕ್ಕ ಕುಳಿತೆ. ಅವಳು ಹೊರಗೆ ನಿಂತು ಗಾಜಿನ ಆಚೆಯಿಂದ ಏನೋ ಹೇಳಿದಳು. ಕೇಳಿಸಲಿಲ್ಲ. ಕೈಸನ್ನೆಯಲ್ಲಿ ಏನು ಎಂದು ಕೇಳಿದೆ. ಅವಳು ಮತ್ತೆ ಹೇಳಿದಳು. ಮತ್ತೂ ಕೇಳಿಸಲಿಲ್ಲ. ಇಬ್ಬರೂ ನಕ್ಕೆವು.

ಆಮೇಲೆ ಅವಳು ಕೈಗಡಿಯಾರ ನೋಡಿಕೊಂಡಳು. ಊಟದ ಹೊತ್ತಿಗೆ ಹೋಟೆಲು ತೆರೆಯಬೇಕಿತ್ತು, ಹಿಟ್ಟು ಹೊರಗಿತ್ತು. ಒಮ್ಮೆ ಕೈ ಬೀಸಿ, ತಿರುಗಿ, ಸ್ಟೇಷನ್ನಿನ ಮೆಟ್ಟಿಲುಗಳನ್ನು ಬೇಗಬೇಗ ಹತ್ತಿ ಹೋದಳು. ಹತ್ತುವಾಗಲೇ ಕಾರಿನ ಕೀಲಿಯನ್ನು ಚೀಲದಿಂದ ತೆಗೆಯುತ್ತಿದ್ದಳು. ಹಿಂತಿರುಗಿ ನೋಡಲಿಲ್ಲ.

ನನ್ನ ರೈಲು ಇನ್ನೂ ಹೊರಟಿರಲಿಲ್ಲ.